ಹಳೇ ಹೆಸರು, ಹಳೇ ಗೋಣಿ

ನಾನು ನೋಡಿದ್ದೆ, ಗೌರಕ್ಕ. ನೋಡಿದ್ದೆ, ಕಂಡದ್ದು ಏನೆಂದು ಅರ್ಥವೂ ಆಗಿತ್ತು — ಆದರೂ ಮಾರನೆಯ ದಿನ ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು, ನೀವೇ ಕೊಟ್ಟ ಕಾಫಿ ಕುಡಿಯುತ್ತಾ, “ನೋಡಿದೆ ಅಕ್ಕ, ಶುದ್ಧ ಇದೆ” ಎಂದೆ. ನಿಮ್ಮ ಹುರಿಯುವ ಮಷಿನ್ನು ಯಾಕೆ ನಿಂತುಹೋಯಿತು ಎಂದು ಕೇಳಿದವರಿಗೆಲ್ಲ ನೀವು ಒಂದು ಕಾರಣ ಹೇಳಿಕೊಂಡು ಬಂದಿದ್ದೀರಿ. ಆ ಕಾರಣ ಸುಳ್ಳು. ನಿಜವಾದ ಕಾರಣ ನಾನು.

ಇದನ್ನು ಎದುರಿಗೆ ಬಂದು ಹೇಳಬೇಕಿತ್ತು. ಬಂದೂ ಇದ್ದೆ, ಎರಡು ಸಲ. ಒಂದು ಸಲ ಮನೆಯಲ್ಲಿ ನೆಂಟರಿದ್ದರು, ಅದೇ ನೆಪವಾಯಿತು. ಇನ್ನೊಂದು ಸಲ ನೀವೊಬ್ಬರೇ ಇದ್ದಿರಿ — “ಬಾ ಚಂದ್ರು, ಸರಿಯಾದ ಹೊತ್ತಿಗೇ ಬಂದೆ ನೋಡು ಮಾರಾಯ” ಎಂದು ಕೂರಿಸಿ ಬಿಸಿ ಕಡುಬು ಹಾಕಿದಿರಿ. ನಾನು ಆರು ಕಡುಬು ತಿಂದು, ಬಾಯಿ ಒರೆಸಿಕೊಂಡು, ಬಸ್ಸು ಹತ್ತಿ ಮೂಡಿಗೆರೆಗೆ ವಾಪಸು ಬಂದೆ. ಹಾಳಾದ್ದು, ಒಂದು ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ತಪ್ಪು ಮಾಡಿದವನಿಗೆ ಊಟ ಸೇರುವುದಿಲ್ಲ ಅನ್ನುತ್ತಾರಲ್ಲ, ಅದೆಲ್ಲ ಬರೀ ಮಾತು. ನನಗೆ ಚೆನ್ನಾಗಿಯೇ ಸೇರಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರೆಯುವಾಗ ಎದುರಿಗೆ ಕಡುಬಿನ ತಟ್ಟೆ ಇರುವುದಿಲ್ಲ.

ನಿಮ್ಮ ಜೊತೆಗೆ ಪತ್ರಿಕೆಯಲ್ಲಿ ಇದನ್ನು ಓದುವ ಉಳಿದವರಿಗೆ ಇಷ್ಟು ಗೊತ್ತಿರಲಿ. ಗೋಣಿಬೀಡಿನಲ್ಲಿ ಬಸ್ಸು ನಿಲ್ಲುವ ಕಡೆ, ರಸ್ತೆಯ ಆಚೆ ಬದಿ, ಗೌರಕ್ಕನ ಕಾಫಿಪುಡಿ ಅಂಗಡಿ. ಗಂಡ ರುದ್ರಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಬೀಜ ಆರಿಸುವುದು, ಹುರಿಯುವುದು, ಪುಡಿ ಮಾಡುವುದು ಅಕ್ಕನದೇ. ಸುತ್ತಮುತ್ತಲ ಸಣ್ಣ ತೋಟದವರ ಬೀಜ ಕೊಂಡು, ತಾವೇ ಹದ ನೋಡಿ ಹುರಿದು ಮಾರುತ್ತಿದ್ದರು. ತಮ್ಮದೇ ತೋಟ ಇರುವವರೂ ಪುಡಿಯನ್ನು ಅಲ್ಲಿಂದ ಒಯ್ಯುತ್ತಿದ್ದರು ಅಂದರೆ ಲೆಕ್ಕ ಹಾಕಿ. ನಾನು ಚಂದ್ರಶೇಖರ — ಮೂಡಿಗೆರೆಯಲ್ಲಿ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟು, ಆಮೇಲೆ ಅದೇ ಮಳಿಗೆಯಲ್ಲಿ ಮೂರು ಕಂಪ್ಯೂಟರ್ ಇಟ್ಟು ‘ಸೈಬರ್ ಸೆಂಟರ್’ ಎಂದು ಬೋರ್ಡು ಹಾಕಿದವನು.

ಅಕ್ಕ, ನಿಮ್ಮನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಕಾಫಿಯಲ್ಲ, ಗೋಣಿಚೀಲ. ತೊಂಬತ್ತರ ದಶಕದ ಕೊನೆ ಇರಬೇಕು. ನಿಮ್ಮ ಪೊಟ್ಟಣಗಳಿಗೆ ಅಂಟಿಸುವ ಚೀಟಿ ಟೈಪ್ ಮಾಡಿ ತಂದಿದ್ದೆ. ಬಣಕಲ್ ಕಡೆಯ ಒಬ್ಬ ವ್ಯಾಪಾರಿ ಹಳೇ ಗೋಣಿಗಳ ಹೊರೆ ಇಳಿಸಿಕೊಂಡು ನಿಂತಿದ್ದ. ನೀವು ಒಂದೊಂದೇ ಚೀಲದ ಬಾಯಿ ಅಗಲಿಸಿ, ಮುಖವನ್ನು ಪೂರಾ ಒಳಗೆ ಇಟ್ಟು, ಕಣ್ಣು ಮುಚ್ಚಿ ಮೂಸುತ್ತಿದ್ದಿರಿ. ನನಗೆ ನಗು. ಐದೋ ಆರೋ ಚೀಲ ಪಕ್ಕಕ್ಕೆ ಹೋದವು. ಒಂದನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿರಿ.

“ಇದರಲ್ಲಿ ಮೊದ್ಲು ಎಂತ ತುಂಬಿದ್ರು?”

“ಅಕ್ಕಿ ಅಕ್ಕ. ದೇವರಾಣೆ ಬರೀ ಅಕ್ಕಿ.”

“ಅಕ್ಕಿ ಆಮೇಲೆ ಕಣೋ. ಅದಕ್ಕೂ ಮೊದ್ಲು?”

ಅವನು ಒಪ್ಪಿಕೊಂಡ. ಆ ಗೋಣಿ ಘಟ್ಟದ ಕೆಳಗಿನಿಂದ ಒಣಮೀನು ಹೊತ್ತು ಮೇಲೆ ಬಂದದ್ದು. ತೊಳೆದಿದ್ದೇವೆ, ಒಂದು ವಾರ ಬಿಸಿಲಿಗೆ ಹಾಕಿದ್ದೇವೆ, ಈಗ ಏನೂ ಇಲ್ಲ ಎಂದು ಬೇಡಿಕೊಂಡ. “ನೀನು ತೊಳೆದೆ, ಗೋಣಿ ಮರೆತಿಲ್ಲ” ಎಂದಿರಿ ನೀವು. ಆಮೇಲೆ ನನ್ನ ಕಡೆ ತಿರುಗಿ, ನಾನು ಕೇಳದೇ ಇದ್ದರೂ, “ಕಾಫಿ ಬೀಜ ಪಾಪದ್ದು ಚಂದ್ರು, ಅದಕ್ಕೆ ಬೇಡ ಅನ್ನಕ್ಕೆ ಬರಲ್ಲ. ಪಕ್ಕದಲ್ಲಿ ಎಂತ ಇದ್ರೂ ಹೀರ್ಕೊಳ್ಳುತ್ತೆ” ಎಂದು ವಿವರಿಸಿದಿರಿ. ನಾನು ಆ ಚೀಲವನ್ನು ಇಸಿದುಕೊಂಡು ಮೂಸಿ ನೋಡಿದೆ. ನನಗೆ ಸೆಣಬಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಇದಾಗಿ ಏಳೆಂಟು ವರ್ಷಗಳ ಮೇಲೆ ವೆಬ್‌ಸೈಟಿನ ಮಾತು ಬಂತು. ತಂದವನು ನಾನೇ. ತೋಟ ನೋಡಲು, ಹೋಂಸ್ಟೇಗಳಿಗೆ ಎಂದು ಜನ ದೂರದೂರದಿಂದ ಬರತೊಡಗಿದ್ದ ಕಾಲ. ಅವರಲ್ಲಿ ಕೆಲವರು ನಿಮ್ಮ ಪುಡಿ ಒಯ್ದು, ಊರಿಗೆ ಹೋದ ಮೇಲೆ ಮತ್ತೆ ತರಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಿದ್ದರು. “ಒಂದು ವೆಬ್‌ಸೈಟ್ ಇದ್ದರೆ ಮುಂಬಯಿ, ಪುಣೆಯವರೂ ನಿಮ್ಮ ಅಂಗಡಿ ಬಾಗಿಲಿಗೆ ಬಂದ ಹಾಗೆ ಅಕ್ಕ” ಎಂದೆ. ರುದ್ರಣ್ಣ ನಕ್ಕರು. ನೀವು ನಗಲಿಲ್ಲ. ನೀವು ಆವತ್ತು ಹೇಳಿದ್ದು ನನಗೆ ಇನ್ನೂ ನೆನಪಿದೆ — “ನಾನು ಹುರಿದದ್ದನ್ನ ನನ್ನ ಮುಖ ನೋಡದ ಜನ ಕುಡಿದು ಎಂತ ಹೇಳ್ತಾರೆ ಅಂತ ನನಗೆ ಕೇಳಬೇಕು ಕಣೋ. ಇಲ್ಲಿಯವರು ದಾಕ್ಷಿಣ್ಯಕ್ಕೂ ಚೆನ್ನಾಗಿದೆ ಅಂದಾರು.” ನಿಮಗೆ ಬೇಕಾಗಿದ್ದುದು ಅಷ್ಟೇ. ಗುರುತಿಲ್ಲದವರ ಬಾಯಿಂದ ಒಂದು ಮಾತು.

ಈಗ ಹೆಸರಿನ ವಿಷಯ. ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಆಗ ಹೇಳದೇ ಹೋದೆ. ಇಂಟರ್ನೆಟ್ಟಿನಲ್ಲಿ ವೆಬ್‌ಸೈಟಿಗೆ ಒಂದು ಹೆಸರು ಬೇಕು, ಅದೇ ಅದರ ವಿಳಾಸ. ಆ ಹೆಸರನ್ನು ವರ್ಷ ವರ್ಷ ನವೀಕರಿಸಬೇಕು. ಇಟ್ಟುಕೊಂಡವನು ನವೀಕರಿಸದೆ ಬಿಟ್ಟರೆ ಸ್ವಲ್ಪ ದಿನ ಕಾದು, ಅದು ಯಾರಿಗೆ ಬೇಕಾದರೂ ಸಿಗುತ್ತದೆ. ಹೊಸ ಹೆಸರಿಗಿಂತ ಇಂಥ ಹಳೇ ಹೆಸರು ತೆಗೆದುಕೊಂಡರೆ ಹುಡುಕಿದವರಿಗೆ ಬೇಗ ಕಾಣಿಸುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಓದಿದ್ದು ಅರ್ಧ, ಹಾರಾಡಿದ್ದು ಡಬಲ್ಲು. ಅದೇ ಸಮಯಕ್ಕೆ ಕಾಫಿಯ ಹೆಸರು ಇರುವ, ನಮ್ಮ ಗುಡ್ಡಗಳ ಹೆಸರೂ ಇರುವ ಒಂದು ಚಂದದ ಹೆಸರು ಅವಧಿ ಮುಗಿದು ಬಿದ್ದಿರುವುದು ಕಣ್ಣಿಗೆ ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಈಗ ಅದು ಇನ್ಯಾರ ಕೈಯಲ್ಲಿದೆಯೋ.

ಕೊಳ್ಳುವ ಮೊದಲು ವಿಚಾರಿಸಬೇಕು. ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಹಳೇ ಪುಟಗಳನ್ನು ತೆಗೆದಿಟ್ಟುಕೊಂಡಿರುವ ತಾಣದಲ್ಲಿ ಆ ಹೆಸರಿನಡಿ ಮೊದಲು ಏನಿತ್ತು ಎಂದು ನೋಡಬಹುದು. ಕಸದ ಮೇಲ್ ಕಳಿಸುವವರ ಕಪ್ಪುಪಟ್ಟಿಗಳಿವೆ, ಅದರಲ್ಲಿ ಆ ಹೆಸರು ಇದೆಯೇ ಎಂದು ನೋಡಬಹುದು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಆದರೆ ನನ್ನ ಸೆಂಟರಿನಲ್ಲಿ ಆ ಮಧ್ಯಾಹ್ನ ಇಬ್ಬರು ಪ್ಲಾಂಟರುಗಳು ಕೂತಿದ್ದರು. “ಗೋಣಿಬೀಡಿನ ಪುಡಿ ಅಂಗಡಿಗೂ ವೆಬ್‌ಸೈಟಾ! ಭಾರಿ ಆಯ್ತಲ್ಲ ಮಾರಾಯ” ಎಂದು ಒಬ್ಬರು ಕಿಚಾಯಿಸಿದರು. ನನಗೆ ಎಲ್ಲಿತ್ತೋ ಸಿಟ್ಟು. “ಹದಿನೈದು ದಿನ ಬಿಟ್ಟು ನೋಡಿ ಸಾರ್, ಹುಡುಕಿದರೆ ಮೊದಲ ಪುಟದಲ್ಲೇ ಅಕ್ಕನ ಅಂಗಡಿ ಬರುತ್ತೆ” ಎಂದು ಅವರ ಎದುರೇ ಆ ಹೆಸರನ್ನು ಕೊಂಡುಬಿಟ್ಟೆ. ಮೂಸದೆ.

ಸಂಜೆ ನಿಮಗೆ ಫೋನ್ ಮಾಡಿ ಹೆಸರು ಹೇಳಿದೆ. ನೀವು ಖುಷಿಪಟ್ಟಿರಿ. ಎರಡು ಸಲ ಬಾಯಲ್ಲಿ ಹೇಳಿ ನೋಡಿದಿರಿ. ಆಮೇಲೆ ಕೇಳಿದಿರಿ.

“ಹಳೇದು ಅಂದ್ಯಲ್ಲ. ಮೊದ್ಲು ಆ ಹೆಸರಲ್ಲಿ ಎಂತ ತುಂಬಿದ್ರು?”

ನೀವು ಕಂಪ್ಯೂಟರ್ ಮುಟ್ಟಿದವರಲ್ಲ. ಆದರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ನಾನು “ನೋಡಿ ಹೇಳ್ತೀನಿ ಅಕ್ಕ” ಎಂದೆ. “ನೋಡು. ನೀನು ಹೇಳಿದ ಮೇಲೇ ಪಾಕೀಟು ಪ್ರಿಂಟಿಗೆ ಕೊಡ್ತೀನಿ” ಎಂದು ಫೋನ್ ಇಟ್ಟಿರಿ.

ನೋಡಿದೆ. ಮೊದಲು ಸಿಕ್ಕಿದ್ದು ಒಳ್ಳೆಯದೇ — ಯಾರೋ ಒಬ್ಬ ಕಾಫಿ ಪ್ರಿಯ ತನ್ನ ಪ್ರವಾಸದ ಬಗ್ಗೆ ಬರೆದುಕೊಂಡ ನಾಲ್ಕಾರು ಪುಟ, ಕಾಫಿ ಹೂವು ಬಿಟ್ಟ ತೋಟದ ಫೋಟೋ. ಅಲ್ಲಿಗೇ ಮುಚ್ಚಿಬಿಡೋಣ ಅನ್ನಿಸಿತು. ಆದರೂ ಮುಂದಿನ ವರ್ಷದ್ದು ತೆರೆದೆ. ಅವನು ಬಿಟ್ಟ ಮೇಲೆ ಬೇರೆ ಯಾರೋ ಹಿಡಿದಿದ್ದರು. ಗಂಡಸರ ಮಾತ್ರೆಗಳು, ಲಾಟರಿ ಹೊಡೆದಿದೆ ಎಂಬ ಮೋಸದ ಪತ್ರಗಳು — ಅಕ್ಕ, ನಿಮ್ಮ ಎದುರು ಬಾಯಿಬಿಟ್ಟು ಹೇಳಲಾಗದ ಚಿತ್ರಗಳು. ಎರಡು ವರ್ಷ ಆ ಹೆಸರಿನಿಂದ ಲೋಕಕ್ಕೆಲ್ಲ ಕೊಳಕು ಮೇಲ್ ಹೋಗಿತ್ತು. ಕಪ್ಪುಪಟ್ಟಿಗಳನ್ನು ತೆಗೆದು ನೋಡಿದೆ. ನೋಡಿದ ಪ್ರತಿ ಪಟ್ಟಿಯಲ್ಲೂ ಇತ್ತು.

ಆಗ ನಾನು ಮಾಡಬೇಕಾಗಿದ್ದುದು ಒಂದೇ. ಅದನ್ನು ಎಸೆದು, ಯಾರೂ ಮುಟ್ಟದ ಒಂದು ಹೊಸ ಹೆಸರು ತೆಗೆದುಕೊಳ್ಳುವುದು. ಆದರೆ ಆ ಇಬ್ಬರ ಮುಖ ಕಣ್ಣ ಮುಂದೆ ಬಂತು. ‘ಎಂತ ಚಂದ್ರು, ಮೊದಲ ಪುಟ ಎಲ್ಲಿ?’ — ಇಷ್ಟೇ ಕೇಳುತ್ತಿದ್ದರು ಅವರು, ಇಷ್ಟಕ್ಕೆ ನನಗೆ ಹೆದರಿಕೆ. ಸ್ವಲ್ಪ ದಿನ ಒಳ್ಳೆಯ ಕೆಲಸಕ್ಕೆ ಬಳಸಿದರೆ ಕೊಳೆ ತಾನಾಗಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಣಕಲ್‌ನವನು ಒಂದು ವಾರ ಬಿಸಿಲಿಗೆ ಹಾಕಿದ್ದೇವೆ ಅಂದ ಹಾಗೇ. ಬೆಳಿಗ್ಗೆ ಬಂದು ನಿಮಗೆ ಹೇಳಿದೆ: “ನೋಡಿದೆ ಅಕ್ಕ, ಶುದ್ಧ ಇದೆ. ಮೊದಲು ಯಾರೋ ಕಾಫಿ ಪ್ರಿಯನದಂತೆ.” ಅರ್ಧ ನಿಜ ಬೆರೆಸಿ ಹೇಳಿದ್ದರಿಂದ ನಾಲಿಗೆ ತಡವರಿಸಲಿಲ್ಲ. ನೀವು “ಹಂಗಾದ್ರೆ ಒಳ್ಳೆ ಕೈಯಿಂದಲೇ ಬಂದಿದೆ” ಎಂದು ಪಾಕೀಟು ಪ್ರಿಂಟಿಗೆ ಕೊಟ್ಟಿರಿ. ಹಸಿರು ಅಕ್ಷರದಲ್ಲಿ ಆ ಹೆಸರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ವೆಬ್‌ಸೈಟಿನಲ್ಲಾಗಲಿ ಪಾಕೀಟಿನ ಮೇಲಾಗಲಿ ಫೋನ್ ನಂಬರ್ ಹಾಕುವುದು ಬೇಡ ಎಂದವನೂ ನಾನೇ. ಮಳೆ ಹಿಡಿದರೆ ಗೋಣಿಬೀಡಿನ ಲೈನು ಸಾಯುತ್ತದೆ, ಮೇಲ್ ಆದರೆ ಯಾವಾಗಲೂ ಇರುತ್ತದೆ ಎಂದು ದೊಡ್ಡದಾಗಿ ಬೋಧನೆ ಮಾಡಿದ್ದೆ.

ಮೇಲ್‌ಗಳು ಬರತೊಡಗಿದವು. ವಾರಕ್ಕೆ ಒಂದು, ಎರಡು. ನೀವು ವಾರಕ್ಕೊಮ್ಮೆ ಮೂಡಿಗೆರೆಗೆ ಬರುತ್ತಿದ್ದಿರಿ, ಸಂತೆ ಚೀಲ ಕಾಲ ಬಳಿ ಇಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಿರಿ. ನೀವು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬಡಿಯುವುದು. ಒಬ್ಬರಿಗೆ ಚಿಕೋರಿ ಯಾಕೆ ಬೇಡ ಎಂದು ಅರ್ಧ ಪುಟ ಬರೆಸಿದಿರಿ. ಎಷ್ಟು ಪ್ರೀತಿಯಿಂದ ಹೇಳುತ್ತಿದ್ದಿರಿ ಅಂದರೆ, ಪಕ್ಕದ ಕಂಪ್ಯೂಟರಿನವರು ತಮ್ಮ ಕೆಲಸ ಬಿಟ್ಟು ಕೇಳುತ್ತಿದ್ದರು. ಆದರೆ ಒಮ್ಮೆ ಕೇಳಿದವರು ಮತ್ತೆ ಮಾತಾಡುತ್ತಿರಲಿಲ್ಲ. ವಿಳಾಸ ಕೊಟ್ಟ ಇಬ್ಬರಿಗೆ ಸ್ಯಾಂಪಲ್ ಕಳಿಸಿದಿರಿ. ಹೇಗಿತ್ತು ಎಂದು ಕೇಳಿ ಬರೆದದ್ದಕ್ಕೆ ಅವರಿಂದಲೂ ಉತ್ತರವಿಲ್ಲ.

ಒಂದು ದಿನ ಅನುಮಾನ ಬಂದು, ನಿಮ್ಮ ಮೇಲ್‌ನಿಂದ ನನ್ನ ಸ್ವಂತ ವಿಳಾಸಕ್ಕೇ ಒಂದು ಸಾಲು ಕಳಿಸಿ ನೋಡಿದೆ. ಬರಬೇಕಾದ ಕಡೆ ಬರಲಿಲ್ಲ. ಕಪ್ಪುಪಟ್ಟಿಯ ಹೆಸರಿನಿಂದ ಬಂದದ್ದು ತಾನಾಗಿ ಹೋಗಿ ಬೀಳುವ ಕಸದ ಡಬ್ಬಿಯಲ್ಲಿ, ಲಾಟರಿಗಳ ಮಧ್ಯೆ, ‘ಗೌರಮ್ಮ, ಗೋಣಿಬೀಡು’ ಎಂದು ನಿಮ್ಮ ಹೆಸರು ಬಿದ್ದಿತ್ತು. ನೀವು ಬಾಯಿತುಂಬ ಹೇಳಿ ಬರೆಸಿದ ಪ್ರತಿಯೊಂದು ಕಾಗದವೂ ಹೋಗಿ ಬೀಳುತ್ತಿದ್ದುದು ಅಲ್ಲಿ. ಆ ಗಳಿಗೆಯಲ್ಲಾದರೂ — ಇಲ್ಲ, ಆಗಲೂ ನಾನು ಬಾಯಿ ಬಿಡಲಿಲ್ಲ. ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ನಿಮಗೆ ಗೊತ್ತಾಗದ ಹಾಗೆ ಅರ್ಜಿಗಳನ್ನು ಹಾಕಿ, ಕಾಯುತ್ತಾ ಕೂತೆ.

ಅಷ್ಟರಲ್ಲಿ ಪುಣೆಯ ಹೆಂಗಸೊಬ್ಬರು ಬರೆದರು. ಮೊದಲ ಮೇಲ್‌ನಲ್ಲೇ ವಿಳಾಸ ಕೊಟ್ಟಿದ್ದರು, ತಾವು ಒಂದು ಸಣ್ಣ ಕಾಫಿ ಅಂಗಡಿ ತೆರೆಯಬೇಕೆಂದಿರುವುದಾಗಿ ಹೇಳಿದ್ದರು. ನಿಮಗೆ ನೆನಪಿರಬೇಕು. ಆ ಸ್ಯಾಂಪಲ್ಲಿಗೆ ನೀವು ಮಲ್ಲಂದೂರು ಕಡೆಯ ಒಂದು ತೋಟದ ಬೀಜ ತರಿಸಿ, ಮೂರು ಸಲ ಹುರಿದು, ಎರಡು ಸಲದ್ದನ್ನು ಮನೆಯಲ್ಲೇ ಇಟ್ಟುಕೊಂಡು, ಮೂರನೆಯದನ್ನು ಕಳಿಸಿದಿರಿ. “ಇದು ನನ್ನ ಕೈಲಿ ಆಗೋದ್ರಲ್ಲಿ ಕೊನೇದು ಚಂದ್ರು. ಇದಕ್ಕಿಂತ ಚೆನ್ನಾಗಿ ನನಗೆ ಬರಲ್ಲ” ಎಂದಿರಿ. ಪೋಸ್ಟಾಫೀಸಿನಲ್ಲಿ ಆ ಪೊಟ್ಟಣ ಕೊಡುವ ಮೊದಲು ಒಮ್ಮೆ ಮೂಗಿಗೆ ಹಿಡಿದಿರಿ.

ಎರಡು ವಾರಕ್ಕೆ ಅವರ ಉತ್ತರ ಬಂತು. ಬಂತು ಅಕ್ಕ. ಆ ವಾರ ಮಳೆ ಜೋರಾಗಿ, ನಿಮ್ಮ ಲೈನು ಸತ್ತು, ನೀವು ಮೂಡಿಗೆರೆಗೆ ಬಂದಿರಲಿಲ್ಲ. ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಪುಡಿ ಬಹಳ ಹಿಡಿಸಿದೆ, ತಿಂಗಳು ತಿಂಗಳು ಕಳಿಸಲು ಆಗುತ್ತದೆಯೇ ಎಂದು ಕೇಳಿದ್ದರು. ನಾನು ನಿಮ್ಮ ಪರವಾಗಿ ‘ಆಗುತ್ತದೆ’ ಎಂದು ಬರೆದು ಕಳಿಸಿದೆ. ಎಲ್ಲ ಗಟ್ಟಿಯಾದ ಮೇಲೆ ಒಟ್ಟಿಗೆ ಹೇಳಿ ನಿಮ್ಮನ್ನು ಬೆರಗು ಮಾಡೋಣ ಎಂದುಕೊಂಡೆ. ಆ ಅಮಲಿನಲ್ಲಿ, ಯಾವ ಹೆಸರಿನಿಂದ ಕಳಿಸುತ್ತಿದ್ದೇನೆ ಎಂಬುದನ್ನೇ ಮರೆತೆ. ಅಥವಾ ಮರೆತ ಹಾಗೆ ಮಾಡಿದೆನೋ, ಈಗ ನನಗೇ ತಿಳಿಯುವುದಿಲ್ಲ.

ಮುಂದಿನ ವಾರ ನೀವು ಬಂದಿರಿ. ಕೊಡೆ ಮಡಚುವ ಮೊದಲೇ “ಪುಣೆಯವರು ಎಂತ ಅಂದ್ರು?” ಎಂದಿರಿ. ಇನ್ನೊಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ ಎಂದುಕೊಂಡು “ಇನ್ನೂ ಏನೂ ಬಂದಿಲ್ಲ ಅಕ್ಕ” ಎಂದೆ. ಇದು ಎರಡನೆಯ ಸುಳ್ಳು. ತಮಾಷೆಗೆಂದು ಹೇಳಿದ್ದು, ನಾಲ್ಕು ದಿನ ಬಿಟ್ಟು ಕೊರಳಿಗೆ ಬಿತ್ತು. ಪುಣೆಯಿಂದ ಇನ್ನೊಂದು ಮೇಲ್ ಬಂತು: ಉತ್ತರಕ್ಕಾಗಿ ಇಷ್ಟು ದಿನ ಕಾದೆ, ನೀವು ಬರೆಯಲಿಲ್ಲ, ಅಂಗಡಿ ತೆರೆಯುವ ದಿನ ಹತ್ತಿರವಾದ್ದರಿಂದ ಬೇರೆ ಕಡೆ ಮಾತಾಡಿಕೊಂಡಿದ್ದೇನೆ. ಸಿಟ್ಟಿನ ಮಾತಿಲ್ಲ. ಬೇಸರ ಇತ್ತು.

ಅವರ ಮನೆ ವಿಳಾಸ ನನ್ನ ಮೇಜಿನ ಮೇಲೇ ಇತ್ತು. ಒಂದು ಅಂಚೆ ಕಾರ್ಡು ಸಾಕಿತ್ತು. ನನ್ನ ಸ್ವಂತ ಮೇಲ್‌ನಿಂದ ಎರಡು ಸಾಲು ಬರೆದಿದ್ದರೂ ಸಾಕಿತ್ತು. ಬರೆಯಲು ಕೂತಿದ್ದೆ ಕೂಡ — ‘ನಮ್ಮ ಹೆಸರು ಕೆಟ್ಟ ಪಟ್ಟಿಯಲ್ಲಿ ಇರುವುದರಿಂದ’ ಎಂಬಲ್ಲಿಗೆ ಬಂದು ಬೆರಳು ನಿಂತಿತು. ಅಷ್ಟು ಬರೆದರೆ ನಿಮಗೂ ಹೇಳಬೇಕಾಗುತ್ತಿತ್ತು. ಅಳಿಸಿದೆ. ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ನೀವು ಮತ್ತೆ ಬಂದು ಕೇಳಿದಾಗ ತಲೆ ಅಲ್ಲಾಡಿಸಿದೆ, ಅಷ್ಟೇ. ಬಾಯಲ್ಲಿ ಹೇಳಲಿಲ್ಲ, ಹಾಗಾಗಿ ಅದು ಮೂರನೆಯ ಸುಳ್ಳಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ನಾಚಿಕೆಗೇಡು.

ಆವತ್ತು ನೀವು ಜಗಳ ಆಡಲಿಲ್ಲ. ಕಂಪ್ಯೂಟರನ್ನೂ ದೂರಲಿಲ್ಲ, ನನ್ನನ್ನೂ ದೂರಲಿಲ್ಲ. ಸಂತೆ ಚೀಲ ಎತ್ತಿಕೊಂಡು, ಬಾಗಿಲವರೆಗೆ ಹೋಗಿ, ತಿರುಗಿ ನಿಂತು, “ನನ್ನ ಮೂಗು ಹೋಯ್ತು ಅನ್ಸುತ್ತೆ ಕಣೋ ಚಂದ್ರು” ಎಂದಿರಿ. ಎಷ್ಟು ಮೆಲ್ಲಗೆ ಅಂದಿರಿ ಎಂದರೆ, ಬೇರೆ ಯಾರಿಗೂ ಕೇಳಲಿಲ್ಲ. ನಾನು, “ಛೆ, ಎಂಥ ಮಾತು ಅಕ್ಕ, ಹಂಗೆಲ್ಲ ಏನಿಲ್ಲ” ಎಂದೆ. ಪುಣೆಯವರ ಕೊನೆಯ ಎರಡೂ ಮೇಲ್‌ಗಳನ್ನು ಪ್ರಿಂಟ್ ತೆಗೆದ ಕಾಗದಗಳು ನನ್ನ ಡ್ರಾಯರಿನಲ್ಲಿ, ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇದ್ದವು. ಆಗ ತೆಗೆದು ಕೊಟ್ಟಿದ್ದರೆ ನೀವು ನನ್ನನ್ನು ಬೈಯುತ್ತಿದ್ದಿರಿ, ಒಂದು ತಿಂಗಳು ಮಾತು ಬಿಡುತ್ತಿದ್ದಿರಿ. ಅಷ್ಟೇ ಆಗುತ್ತಿದ್ದುದು.

ಅದರ ಮುಂದಿನದು ನಿಮಗೇ ಗೊತ್ತು. ಆದರೆ ಅದು ಯಾಕಾಯಿತು ಎಂಬುದು ಗೊತ್ತಿಲ್ಲ. ಮೂಗಿನ ಮೇಲೆ ನಂಬಿಕೆ ಹೋದ ಮೇಲೆ ನೀವು ಹದ ಬದಲಾಯಿಸತೊಡಗಿದಿರಿ. ಒಂದು ವಾರ ಎಳೆಯದಾಗಿ ಹುರಿದಿರಿ, ಇನ್ನೊಂದು ವಾರ ಕಪ್ಪಾಗಿಸಿದಿರಿ. ಮೂವತ್ತು ವರ್ಷ ಗಡಿಯಾರ ನೋಡದೆ ಹುರಿದವರು ಗಡಿಯಾರ ನೋಡತೊಡಗಿದಿರಿ. ಬೆರಕೆ ಬೇಡವೇ ಬೇಡ ಎನ್ನುತ್ತಿದ್ದವರು ಚಿಕೋರಿ ಹಾಕಿದಿರಿ. ಆಗ ಊರಿನವರಿಗೇ ಗೊತ್ತಾಯಿತು. “ಎಂತಕ್ಕೋ ಮೊದಲಿನ ಹಾಗಿಲ್ಲ ಅಕ್ಕ” ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಸುಳ್ಳು ಅನುಮಾನದಿಂದ ನಿಜವಾದ ತಪ್ಪು ಹುಟ್ಟಿತು, ಆ ತಪ್ಪನ್ನು ನೀವು ಅನುಮಾನಕ್ಕೆ ಸಾಕ್ಷಿ ಮಾಡಿಕೊಂಡಿರಿ. ವರ್ಷ ತುಂಬುವುದರೊಳಗೆ ಹುರಿಯುವ ಮಷಿನ್ನು ಬೇರೆಯವರ ಜೀಪು ಹತ್ತಿ ಹೋಯಿತು. ಆ ದಿನ ಹಗ್ಗ ಕಟ್ಟಲು ನಾನೂ ಕೈ ಹಾಕಿದ್ದೆ. ರುದ್ರಣ್ಣ ನನ್ನ ಬೆನ್ನು ತಟ್ಟಿ, “ಬೇಡ ಅಂದ್ರೂ ಕೇಳಲಿಲ್ಲ ನೋಡು ನಿನ್ನಕ್ಕ” ಎಂದರು. ಈಗ ಆ ಅಂಗಡಿಯಲ್ಲಿ ಎಲ್ಲಿಂದಲೋ ಬರುವ ಪ್ಯಾಕೆಟ್ ಪುಡಿ, ಬಿಸ್ಕತ್ತು, ಮೊಬೈಲ್ ಕರೆನ್ಸಿ.

ಆ ಹೆಸರನ್ನು ನಾನು ಮತ್ತೆ ನವೀಕರಿಸಲಿಲ್ಲ. ಬಿಟ್ಟೆ. ಯಾರೋ ತೆಗೆದುಕೊಂಡರು. ಅವರು ವಿಚಾರಿಸಿದರೋ ಇಲ್ಲವೋ. ವಿಚಾರಿಸಿದ್ದರೆ ಹಳೇ ಪುಟಗಳಲ್ಲಿ ಕಾಫಿ ಹೂವು, ಆಮೇಲೆ ಮಾತ್ರೆ, ಅದರ ಮೇಲೆ ನಿಮ್ಮ ಅಂಗಡಿಯ ಫೋಟೋ ಕಂಡಿರಬೇಕು. ನಮ್ಮ ಕಡೆಯ ಹೋಂಸ್ಟೇಯವರು ಈಗ ವೆಬ್‌ಸೈಟಿಗೆಂದು ನನ್ನ ಹತ್ತಿರ ಬಂದರೆ, ನಾನು ಅರ್ಧ ದಿನ ಕೂತು ಹೆಸರಿನ ಪೂರ್ವಾಪರ ಜಾಲಾಡುತ್ತೇನೆ. ‘ಚಂದ್ರಣ್ಣ ವಿಚಾರಿಸದೆ ಏನೂ ಮಾಡೋನಲ್ಲ’ ಎಂದು ಹೆಸರಾಗಿದೆ. ಅದನ್ನು ಕೇಳುವಾಗ ನನಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸುತ್ತದೆ.

ಹೋದ ತಿಂಗಳು ಬಣಕಲ್‌ನ ಮದುವೆಯಲ್ಲಿ ನಿಮ್ಮನ್ನು ಕಂಡೆ. ನೀವು ನನ್ನನ್ನು ನೋಡಲಿಲ್ಲ. ಅಡಿಗೆಯವರು ಹೊಸದಾಗಿ ತರಿಸಿದ ಕಾಫಿಪುಡಿಯ ಪೊಟ್ಟಣ ಬಿಚ್ಚಿ, ಹಳೇ ಗೌರವದಿಂದ ನಿಮ್ಮ ಮುಂದೆ ಹಿಡಿದರು: “ಅಕ್ಕ, ನೀವು ಒಂದ್ಸಲ ನೋಡಿ ಹೇಳಿಬಿಡಿ.” ನಿಮ್ಮ ಕೈ ಮುಂದೆ ಬಂತು. ಅರ್ಧಕ್ಕೆ ನಿಂತಿತು. ಆಮೇಲೆ ಪಕ್ಕದಲ್ಲಿದ್ದ ನಿಮ್ಮ ಸೊಸೆಯ ಕಡೆ ಪೊಟ್ಟಣ ಸರಿಸಿ, ನಗುತ್ತಾ, “ಇವಳಿಗೆ ಕೊಡಿ, ನನ್ನ ಮೂಗು ನಂಬೋ ಹಾಗಿಲ್ಲ” ಎಂದಿರಿ. ಸುತ್ತ ಇದ್ದವರೂ ನಕ್ಕರು. ನಾನು ಊಟಕ್ಕೆ ಕೂರದೆ ಬಂದೆ. ಈ ಸಲ ನಿಜವಾಗಿಯೂ ಸೇರಲಿಲ್ಲ, ಅಕ್ಕ.

ಕ್ಷಮಿಸಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಕ್ಷಮಿಸುವುದು ಬಿಡುವುದು ನಿಮಗೆ ಬಿಟ್ಟದ್ದು, ಕ್ಷಮಿಸದಿದ್ದರೆ ನಿಮ್ಮ ತಪ್ಪಿಲ್ಲ. ಇದು ಅಚ್ಚಾಗುವ ಮೊದಲೇ, ಬರುವ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಬೇರೆಯವರ ಬಾಯಿಂದ ನಿಮಗೆ ಇದು ಗೊತ್ತಾಗಬಾರದು. ಡ್ರಾಯರಿನ ಆ ಎರಡು ಕಾಗದ ತರುತ್ತೇನೆ. ಒಳಗೆ ಕರೆಯಬೇಡಿ, ಕಾಫಿ ಕೊಡಬೇಡಿ. ಕಟ್ಟೆಯ ಕೆಳಗೆ ನಿಂತು ಕನ್ನಡದಲ್ಲಿ ಓದುತ್ತೇನೆ, ಗಲ್ಲಾಪೆಟ್ಟಿಗೆಯ ಮುಂದಿರುವ ರುದ್ರಣ್ಣನಿಗೂ ಕೇಳುವ ಹಾಗೆ.

ಅದರ ಒಂದು ತುಂಡು ಮಾತ್ರ ಇಲ್ಲಿ ಬರೆದಿಡುತ್ತೇನೆ. ನಾನು ಬಾಗಿಲವರೆಗೆ ಬಂದು ಮತ್ತೆ ಕಡುಬು ತಿಂದು ಹೋಗುವ ಗಿರಾಕಿ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಪುಣೆಯ ಆ ಹೆಂಗಸು ಮೊದಲನೆಯ ಕಾಗದದಲ್ಲಿ ಬರೆದದ್ದು: ‘ಅಮ್ಮ ತೀರಿಕೊಂಡ ಮೇಲೆ ನಮ್ಮ ತಂದೆ ಕಾಫಿ ಬಿಟ್ಟಿದ್ದರು. ನಿಮ್ಮ ಪುಡಿಯನ್ನು ನಾನು ಒಲೆಯ ಮೇಲಿಟ್ಟಾಗ ಒಳಗಿನ ಕೋಣೆಯಿಂದ ತಾವಾಗಿಯೇ ಎದ್ದು ಬಂದು ಒಂದು ಲೋಟ ಕೇಳಿದರು. ಕುಡಿದು, ಇದನ್ನು ಹುರಿದವರು ಯಾರು ಎಂದು ವಿಚಾರಿಸಿದರು. ಅವರಿಗೆ ಏನೆಂದು ಹೇಳಲಿ?’

ನಿಮ್ಮ ಮೂಗು ಸರಿಯಾಗಿಯೇ ಇತ್ತು, ಗೌರಕ್ಕ. ನನಗದು ಗೊತ್ತಿತ್ತು.